ಮಕ್ಕಳ ವಾರ್ಡಿಗೆ ಬಣ್ಣ, ಕಾಗದ ಹಿಡಿದು ಹೊರಡುವ ಮುನ್ನ: ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದಲ್ಲಿ ಆಸ್ಪತ್ರೆಯ ಮಕ್ಕಳಿಗೆ ಚಿತ್ರ, ಕಥೆ, ಕಾಗದದ ಆಟ ಕಲಿಸಬೇಕೆಂದು ಹೊರಟವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಅಂಗಡಿಗೆ ಹೋಗಿ ಕಂತೆಗಟ್ಟಲೆ ಕ್ರೇಯಾನ್ ಕೊಳ್ಳುತ್ತಾರೆ. ಆಮೇಲೆ ವಾಟ್ಸ್ಆಪ್‌ನಲ್ಲಿ ಹತ್ತು ಜನರನ್ನು ಕೂಡಿಸುತ್ತಾರೆ. ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ನಿಂತಾಗ ಸೆಕ್ಯೂರಿಟಿಯವರು ಒಳಗೆ ಬಿಡುವುದಿಲ್ಲ. ಹೇಗೋ ಒಳಗೆ ಹೋದರೂ ರೌಂಡ್ಸ್ ನಡೆಯುತ್ತಿರುತ್ತದೆ, ಸಿಸ್ಟರ್ ಸಿಡುಕುತ್ತಾರೆ, ಮಗು ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ಎರಡನೇ ವಾರಕ್ಕೆ ಗುಂಪಿನಲ್ಲಿ ಮೂರು ಜನ ಉಳಿದಿರುತ್ತಾರೆ.

ಕೆಲಸ ಕಷ್ಟದ್ದಲ್ಲ, ಕ್ರಮ ತಲೆಕೆಳಗಾಗಿರುತ್ತದೆ ಅಷ್ಟೆ. ಬಣ್ಣದ ಡಬ್ಬಿ ಕೊಳ್ಳುವುದು ಇದರಲ್ಲಿ ನಾಲ್ಕನೇ ಕೆಲಸ.

ಹಂತ 1: ಯಾವ ಆಸ್ಪತ್ರೆ, ಯಾವ ವಾರ್ಡು

ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ತಾಯಿ-ಮಕ್ಕಳ ದೊಡ್ಡ ಸರ್ಕಾರಿ ಆಸ್ಪತ್ರೆ. ಕೆ.ಆರ್. ಆಸ್ಪತ್ರೆಯಂತೆ ಇದೂ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು. ಮಂಡ್ಯದಲ್ಲಿ ಮಿಮ್ಸ್ ಬೋಧನಾ ಆಸ್ಪತ್ರೆ ಇದೆ. ಖಾಸಗಿಯಲ್ಲಿ ಜೆಎಸ್‌ಎಸ್‌ನಂಥ ಬೋಧನಾ ಆಸ್ಪತ್ರೆಗಳಲ್ಲೂ ಮಕ್ಕಳ ವಿಭಾಗವಿದೆ. ನಿಮ್ಮ ಮನೆಗೆ ಹತ್ತಿರದ ಒಂದನ್ನು ಆರಿಸಿಕೊಳ್ಳಿ. ಎರಡು ಬಸ್ಸು ಬದಲಾಯಿಸಿ ಹೋಗುವ ಉತ್ಸಾಹ ಮಳೆಗಾಲದ ತನಕ ಬಾಳುವುದಿಲ್ಲ.

ವಾರ್ಡಿನ ಆಯ್ಕೆ ಇನ್ನೂ ಮುಖ್ಯ. ಐಸಿಯು, ನವಜಾತ ಶಿಶು ಘಟಕ, ಪ್ರತ್ಯೇಕವಾಗಿಟ್ಟ ಸೋಂಕಿನ ಕೊಠಡಿ, ಸುಟ್ಟಗಾಯದ ವಾರ್ಡು ಹೊಸಬರ ಜಾಗವಲ್ಲ. ಸಾಮಾನ್ಯ ಮಕ್ಕಳ ವಾರ್ಡಿನಿಂದ ಶುರು ಮಾಡಿ. ನನ್ನನ್ನು ಕೇಳಿದರೆ, ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು ತಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವ ಮಕ್ಕಳು ರಕ್ತ ಹಾಕಿಸಿಕೊಳ್ಳಲು ಬರುವ ದಿನ. ಈ ಮಕ್ಕಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬರಲೇಬೇಕು. ಬಂದರೆ ಮೂರು-ನಾಲ್ಕು ಗಂಟೆ ಒಂದೇ ಕಡೆ ಇರಬೇಕು. ಜ್ವರ ಇರುವುದಿಲ್ಲ, ಬೇಜಾರು ಮಾತ್ರ ಬೇಕಾದಷ್ಟಿರುತ್ತದೆ. ನಿಮ್ಮ ಮುಖ ನೆನಪಿಟ್ಟುಕೊಂಡು ಮುಂದಿನ ಸಲ ಹೆಸರು ಹಿಡಿದು ಕರೆಯುವವರೂ ಇವರೇ.

ಹಂತ 2: ಅನುಮತಿ, ಲಿಖಿತವಾಗಿ

ಪರಿಚಯದ ಡಾಕ್ಟರು "ಬನ್ನಿ, ನಾನಿದ್ದೀನಲ್ಲ" ಅಂದರೆ ಅದು ಅನುಮತಿಯಲ್ಲ. ಅವರಿಗೆ ಡ್ಯೂಟಿ ಬದಲಾದ ದಿನ ನೀವು ಗೇಟಿನಾಚೆ.

ಪತ್ರವನ್ನು ವೈದ್ಯಕೀಯ ಅಧೀಕ್ಷಕರಿಗೆ ಬರೆಯಿರಿ, ಮಕ್ಕಳ ವಿಭಾಗದ ಮುಖ್ಯಸ್ಥರ ಮೂಲಕ. ಒಂದೇ ಪುಟ ಸಾಕು, ಕನ್ನಡದಲ್ಲೇ ಇರಲಿ. ಎಷ್ಟು ಜನ (ಇಬ್ಬರು, ಹೆಚ್ಚೆಂದರೆ ಮೂವರು), ವಾರದ ಯಾವ ದಿನ, ಎಷ್ಟು ಹೊತ್ತು, ಏನೇನು ಸಾಮಾನು ತರುತ್ತೀರಿ, ಏನನ್ನು ತರುವುದಿಲ್ಲ, ಹಣ ಕೇಳುವುದಿಲ್ಲ, ಫೋಟೊ ತೆಗೆಯುವುದಿಲ್ಲ. ಇಷ್ಟಿದ್ದರೆ ಓದುವವರಿಗೆ ಸಹಿ ಹಾಕುವುದು ಸುಲಭ. "ಮಕ್ಕಳ ಮುಖದಲ್ಲಿ ನಗು ಅರಳಿಸುವ ಸದುದ್ದೇಶ" ಎಂದು ಶುರುವಾಗುವ ಎರಡು ಪುಟದ ಪತ್ರಗಳು ಫೈಲಿನಲ್ಲೇ ಮಲಗಿರುತ್ತವೆ.

ಜೊತೆಗೆ ಆಧಾರ್ ಪ್ರತಿ, ಎರಡು ಫೋಟೊ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಇಡಿ. ಪ್ರಮಾಣಪತ್ರಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಆಸ್ಪತ್ರೆಯವರು ಕೇಳದಿದ್ದರೂ ಕೊಡಿ. ಮಕ್ಕಳ ಹತ್ತಿರ ಬರುವ ಅಪರಿಚಿತರ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದಾಗ ಅದು ನಿಮ್ಮ ಪರವಾಗಿ ಮಾತಾಡುತ್ತದೆ.

ಸಹಿಯಾದ ಪತ್ರದ ಜೆರಾಕ್ಸ್ ಮೂರು ಮಾಡಿಸಿ. ಒಂದು ನಿಮ್ಮ ಚೀಲದಲ್ಲಿ, ಒಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ, ಒಂದು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಅಧೀಕ್ಷಕರು ಒಪ್ಪಿದ್ದು ಸಿಸ್ಟರಿಗೆ ಗೊತ್ತಿಲ್ಲದಿದ್ದರೆ ವಾರ್ಡಿನ ಮಟ್ಟಿಗೆ ಅನುಮತಿ ಇಲ್ಲವೆಂದೇ ಅರ್ಥ.

ಸಮಯವನ್ನೂ ಇಲ್ಲೇ ಗೊತ್ತು ಮಾಡಿಕೊಳ್ಳಿ. ಬೆಳಗಿನ ಹೊತ್ತು ರೌಂಡ್ಸ್, ರಕ್ತ ತೆಗೆಯುವುದು, ಸ್ಕ್ಯಾನಿಂಗ್ ಎಂದು ವಾರ್ಡು ಸಂತೆಯಾಗಿರುತ್ತದೆ. ಸಂಜೆ ನೋಡಲು ಬರುವ ನೆಂಟರ ಗದ್ದಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಭೇಟಿ ಹೊತ್ತು ಶುರುವಾಗುವ ಮೊದಲಿನ ಒಂದೂವರೆ ಗಂಟೆ ಸಾಮಾನ್ಯವಾಗಿ ಖಾಲಿ. ಅದನ್ನೇ ಕೇಳಿ.

ಹಂತ 3: ನಿಮ್ಮ ಮೈ ನೆಟ್ಟಗಿದೆಯೇ

ನೆಗಡಿ, ಕೆಮ್ಮು, ಭೇದಿ, ಕೆಂಗಣ್ಣು, ಜ್ವರ, ಚರ್ಮದ ಮೇಲೆ ಗುಳ್ಳೆ: ಇದರಲ್ಲಿ ಒಂದಿದ್ದರೂ ಆ ವಾರ ರಜೆ. ನಿಮಗೆ ಎರಡು ದಿನದ ನೆಗಡಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಅಥವಾ ಮೂತ್ರಪಿಂಡದ ಕಾಯಿಲೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಅದೇ ನ್ಯುಮೋನಿಯಾ ಆದೀತು. ಮನೆಯಲ್ಲಿ ಯಾರಿಗಾದರೂ ಸಿಡುಬಿನಂಥ ಗುಳ್ಳೆಯ ಚಿಕನ್‌ಪಾಕ್ಸ್, ಅಂದರೆ ಸೀತಾಳೆ ಬಂದಿದ್ದರೆ, ನಿಮಗೆ ಮೊದಲು ಬಂದಿಲ್ಲದಿದ್ದರೆ ಅಥವಾ ಲಸಿಕೆ ಆಗಿಲ್ಲದಿದ್ದರೆ ಹೋಗಬೇಡಿ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ. ಚಿಕನ್‌ಪಾಕ್ಸ್, ದಡಾರ, ಫ್ಲೂ, ಹೆಪಟೈಟಿಸ್ ಬಿ ಲಸಿಕೆಗಳ ಬಗ್ಗೆ ನಿಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಉಗುರು ಕತ್ತರಿಸಿ. ಉಂಗುರ, ಬಳೆ, ಕೈಗಡಿಯಾರ ಮನೆಯಲ್ಲಿಡಿ. ಮುಡಿದ ಮಲ್ಲಿಗೆಯನ್ನೂ, ಘಮಘಮಿಸುವ ಸೆಂಟನ್ನೂ ಕೂಡ. ಉಬ್ಬಸದ ಮಗುವಿಗೆ ಆ ವಾಸನೆಯೇ ಸಾಕು. ಸಾಬೂನಿನಲ್ಲಿ ಕೈ ತೊಳೆಯುವುದಾದರೆ ಒಟ್ಟು 40ರಿಂದ 60 ಸೆಕೆಂಡು, ಹ್ಯಾಂಡ್‌ರಬ್ (ಸ್ಯಾನಿಟೈಸರ್) ಆದರೆ 20ರಿಂದ 30 ಸೆಕೆಂಡು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಮತ್ತೆ ಮಾಡಬೇಕು.

ಹಂತ 4: ಚೀಲ ಕಟ್ಟುವುದು

ಇಲ್ಲಿ ಒಂದೇ ಸೂತ್ರ. ಒರೆಸಲು ಬರುವಂಥದ್ದು ನಿಮ್ಮ ಜೊತೆ ವಾಪಸು ಬರಲಿ, ಒರೆಸಲು ಬಾರದ್ದು ಆ ಮಗುವಿನ ಬಳಿಯೇ ಉಳಿಯಲಿ. ಒಬ್ಬರು ಮುಟ್ಟಿದ ಕ್ರೇಯಾನ್ ಇನ್ನೊಬ್ಬರಿಗೆ ಹೋಗಬಾರದು.

ಹಾಗಾಗಿ ಮಗುವಿಗೊಂದು ಜಿಪ್ ಇರುವ ಪ್ಲಾಸ್ಟಿಕ್ ಪೊಟ್ಟಣ ಮಾಡಿ. ಅದರೊಳಗೆ ಆರು ದಪ್ಪ ಕ್ರೇಯಾನ್, ನಾಲ್ಕೈದು ಬಿಳಿ ಹಾಳೆ, ಎರಡು ಬಣ್ಣದ ಹಾಳೆ, ಒಂದು ಸ್ಟಿಕರ್ ಪಟ್ಟಿ ಇದ್ದರೆ ಸಾಕು. ಇದನ್ನೆಲ್ಲ ಮನೆಯಲ್ಲೇ ಕೈ ತೊಳೆದು ತುಂಬಿ. ಬರೆಯಲು ಹಾಳೆಯ ಕೆಳಗೆ ಗಟ್ಟಿ ಆಸರೆ ಬೇಕಲ್ಲ, ಅದಕ್ಕೆ ಪರೀಕ್ಷೆಗೆ ಒಯ್ಯುವ ಕ್ಲಿಪ್ ಇರುವ ಪ್ಯಾಡ್. ಮರದ ಹುಡಿಯ ಕಂದು ಪ್ಯಾಡ್ ಬೇಡ, ಅದು ದ್ರವ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್‌ನದು ತೆಗೆದುಕೊಳ್ಳಿ, ಪ್ರತಿ ಮಗುವಾದ ಮೇಲೆ ಸ್ಪಿರಿಟ್ ವೈಪ್‌ನಿಂದ ಒರೆಸಿ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಾಗಲಿ ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ ಇವೆಲ್ಲ ಸಿಗುತ್ತವೆ. ಸಗಟಿನಲ್ಲಿ ಕೊಳ್ಳಬೇಡಿ. ಮೊದಲ ತಿಂಗಳಿಗೆ ಇಪ್ಪತ್ತು ಪೊಟ್ಟಣ ಧಾರಾಳ.

ಏನು ತರಬಾರದು ಎಂಬುದು ಹೆಚ್ಚು ಮುಖ್ಯ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಬಲೂನು ಬೇಡ. ಒಡೆದ ಚೂರು ಗಂಟಲಿಗೆ ಸಿಕ್ಕರೆ ತೆಗೆಯುವುದು ಕಷ್ಟ. ಪದೇ ಪದೇ ಆಪರೇಷನ್ ಆದ ಮಕ್ಕಳಲ್ಲಿ ಕೆಲವರಿಗೆ ಲೇಟೆಕ್ಸ್, ಅಂದರೆ ಬಲೂನಿನ ರಬ್ಬರಿನ ಅಲರ್ಜಿಯೂ ಇರುತ್ತದೆ. ಮಿನುಗು ಪುಡಿ ಬೇಡ, ಅದು ಹಾಸಿಗೆ, ಗಾಯ, ಡ್ರಿಪ್ ಹಾಕಿದ ಪ್ಲಾಸ್ಟರ್ ಎಲ್ಲ ಕಡೆ ಸೇರುತ್ತದೆ. ಮಣಿ, ಗುಂಡಿ, ಕವಡೆ, ಹುಣಸೆಬೀಜ, ಥರ್ಮೊಕೋಲ್ ಗುಂಡು ಬೇಡ. ನಿಮ್ಮ ಮುಂದಿರುವ ಮಗುವಿಗೆ ಹತ್ತು ವರ್ಷವಿರಬಹುದು, ಪಕ್ಕದ ಹಾಸಿಗೆಯಲ್ಲಿ ಒಂದೂವರೆ ವರ್ಷದ್ದಿರುತ್ತದೆ. ಅಳಗುಳಿಮಣೆ ತರುವ ಆಸೆ ಎಲ್ಲರಿಗೂ ಬರುತ್ತದೆ, ಇದೇ ಕಾರಣಕ್ಕೆ ಅದನ್ನೂ ಬಿಡಿ. ಜೇಡಿಮಣ್ಣು, ಗಿಡ, ಹೂವು, ಹಳೆಯ ಮೆತ್ತನೆ ಗೊಂಬೆಗಳೂ ಬೇಡ, ಸೋಂಕಿನ ಕಾರಣಕ್ಕೆ. ಹಳೇ ಪೇಪರಿನ ದೋಣಿಯೂ ಅಷ್ಟೆ, ಎಷ್ಟು ಕೈ ದಾಟಿ ಬಂದಿದೆಯೋ. ಸ್ಟೇಪ್ಲರ್, ಗುಂಡುಪಿನ್, ಚೂಪು ಕತ್ತರಿ ಚೀಲದಲ್ಲೇ ಇರಬಾರದು. ಕತ್ತರಿಸುವುದನ್ನೆಲ್ಲ ಮನೆಯಲ್ಲಿ ಮುಗಿಸಿ ಬನ್ನಿ.

ತಿಂಡಿಯಂತೂ ಯಾವ ರೂಪದಲ್ಲೂ ಬೇಡ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಂಚಲು ಬರುವವರು ಪ್ರತಿ ವರ್ಷ ಇರುತ್ತಾರೆ. ಒಂದು ಮಗುವಿಗೆ ಸಕ್ಕರೆ ಕಾಯಿಲೆ, ಇನ್ನೊಂದಕ್ಕೆ ಕಡಲೆಬೀಜದ ಅಲರ್ಜಿ, ಮತ್ತೊಂದು ಸಂಜೆಯ ಆಪರೇಷನ್ನಿಗೆ ಹೊಟ್ಟೆ ಖಾಲಿ ಬಿಟ್ಟು ಮಲಗಿದೆ. ಹಾಸಿಗೆ ತಲೆಯ ಕಡೆ 'ಎನ್‌ಬಿಎಂ' ಎಂದು ಬರೆದಿದ್ದರೆ ಬಾಯಿಗೆ ನೀರೂ ಹಾಕುವಂತಿಲ್ಲ ಎಂದರ್ಥ. ಪ್ರೀತಿಯಿಂದ ಕೊಟ್ಟ ಒಂದು ಚಾಕಲೇಟಿನಿಂದ ಆ ಮಗುವಿನ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ವಾರ್ಡಿನಲ್ಲಿ ಬಿದ್ದಿರುವ ಖಾಲಿ ಸಲೈನ್ ಬಾಟಲಿ, ಸಿರಿಂಜು, ಬಣ್ಣಬಣ್ಣದ ಮುಚ್ಚಳ ನೋಡಿ ಕರಕುಶಲದ ಕೈ ತುರಿಸಬಹುದು. ಮುಟ್ಟಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅವು ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಗಳಿಗೆ ಹೋಗಬೇಕಾದ ವಸ್ತುಗಳು. ನಿಮ್ಮ ಕಾಗದದ ಚೂರನ್ನೂ ಆ ಡಬ್ಬಗಳಿಗೆ ಹಾಕಬೇಡಿ, ನಿಮ್ಮದೇ ಕವರಿನಲ್ಲಿ ಹೊರಗೆ ತನ್ನಿ.

ಹಂತ 5: ಮೊದಲು ಸಿಸ್ಟರ್ ಮೇಜು

ಒಳಗೆ ಕಾಲಿಟ್ಟ ಕೂಡಲೇ ಮಕ್ಕಳ ಕಡೆ ನಡೆಯಬೇಡಿ. ಡ್ಯೂಟಿ ಸಿಸ್ಟರ್ ಹತ್ತಿರ ನಿಂತು ಮೂರು ಪ್ರಶ್ನೆ ಕೇಳಿ: ಇವತ್ತು ಯಾವ ಹಾಸಿಗೆಗೆ ಹೋಗಬಾರದು? ಯಾರಿಗೆ ಆಪರೇಷನ್, ಸ್ಕ್ಯಾನಿಂಗ್ ಇದೆ? ಯಾರಿಗೆ ನಾನು ಹೋದರೆ ಅನುಕೂಲ? ಉತ್ತರವನ್ನು ಹಾಸಿಗೆ ನಂಬರಿನಲ್ಲಿ ಬರೆದುಕೊಳ್ಳಿ. ಮಗುವಿನ ಕಾಯಿಲೆ ಏನೆಂದು ಕೇಳುವುದು ನಿಮ್ಮ ಕೆಲಸವಲ್ಲ, ಕೇಸ್ ಶೀಟ್ ಇಣುಕುವುದಂತೂ ಅಲ್ಲವೇ ಅಲ್ಲ.

ಮಳೆಗಾಲದಲ್ಲಿ ಡೆಂಗಿ ಜಾಸ್ತಿಯಾದಾಗ ಈ ಪಟ್ಟಿ ದಿನದಿನಕ್ಕೆ ಬದಲಾಗುತ್ತದೆ. ಪ್ಲೇಟ್‌ಲೆಟ್ ಇಳಿದ ಮಗುವಿಗೆ ಸಣ್ಣ ಗೀರೂ ಒಳ್ಳೆಯದಲ್ಲ, ಕುಣಿದಾಡಿಸುವ ಆಟವೂ ಬೇಡ. ಹೋದ ವಾರ ಆಡಿದ್ದ ಹುಡುಗ ಈ ವಾರ ಮಲಗೇ ಇರಬೇಕಾಗಬಹುದು.

ಸಿಸ್ಟರ್ "ಇವತ್ತು ಬೇಡ" ಅಂದರೆ ಕಾರಣ ಕೇಳದೆ ವಾಪಸು ಬನ್ನಿ. ಹೀಗೆ ಒಂದು ಸಲ ಮುಖ ಸಿಂಡರಿಸದೆ ಮರಳಿದವರನ್ನು ವಾರ್ಡಿನವರು ಮರೆಯುವುದಿಲ್ಲ.

ಹಂತ 6: ಹಾಸಿಗೆಯ ಪಕ್ಕದ ಮೊದಲ ಐದು ನಿಮಿಷ

ಇಡೀ ಕೆಲಸ ಗೆಲ್ಲುವುದೂ ಕೆಡುವುದೂ ಇಲ್ಲಿ.

ಮೊದಲು ತಾಯಿಯ ಜೊತೆ ಮಾತು. "ಅಮ್ಮಾ, ನಾನು ಪ್ರತಿ ವಾರ ಮಕ್ಕಳ ಜೊತೆ ಚಿತ್ರ ಬರೆಯೋಕೆ ಬರ್ತೀನಿ, ಸಿಸ್ಟರಿಗೆ ಗೊತ್ತು. ಸ್ವಲ್ಪ ಹೊತ್ತು ಕೂತ್ಕೊಳ್ಳಲಾ?" ಅಷ್ಟೆ. "ಮಗುವಿಗೆ ಏನಾಗಿದೆ?" ಎಂದು ಕೇಳಬೇಡಿ. ಆಕೆ ಬಂದ ನೆಂಟರಿಗೆಲ್ಲ ಅದನ್ನೇ ಹೇಳಿ ಹೇಳಿ ದಣಿದಿರುತ್ತಾಳೆ. "ಅಯ್ಯೋ ಬುಡಿ, ಈಗ್ತಾನೆ ಮಲಗದೆ" ಅಂದರೆ ಮುಂದಿನ ಹಾಸಿಗೆ.

ಆಮೇಲೆ ಮಗುವಿನ ಕಣ್ಣಿನ ಮಟ್ಟಕ್ಕೆ ಬನ್ನಿ. ಹಾಸಿಗೆಯ ಮೇಲೆ ಕೂರಬಾರದು, ಸ್ಟೂಲ್ ಕೇಳಿ ಪಡೆಯಿರಿ. ಎರಡು ವಸ್ತು ತೋರಿಸಿ: "ಬಣ್ಣ ಹಚ್ಚೋದಾ, ಒಗಟು ಹೇಳೋದಾ, ಇಲ್ಲ ಯಾವುದೂ ಬೇಡ್ವಾ?" ಮೂರನೆಯದನ್ನು ಬಿಡಬೇಡಿ. ಸೂಜಿ, ಮಾತ್ರೆ, ಪಥ್ಯ, ಯಾವುದಕ್ಕೂ ಈ ಮಗುವಿಗೆ ಬೇಡ ಅನ್ನುವ ಅಧಿಕಾರವಿಲ್ಲ. ಇಡೀ ದಿನದಲ್ಲಿ ಅದು ಬೇಡ ಅನ್ನಬಹುದಾದ ಒಬ್ಬರೇ ಒಬ್ಬರು ನೀವು. ಹಾಗಂದಾಗ "ಸರಿ ಪುಟ್ಟಾ, ಇನ್ನೊಂದಿನ" ಎಂದು ಎದ್ದುಬಿಡಿ. ಎಷ್ಟೋ ಮಕ್ಕಳು ಎರಡು ಹಾಸಿಗೆ ದಾಟುವಷ್ಟರಲ್ಲಿ ತಾವೇ ಕರೆಯುತ್ತವೆ. ಕರೆಯದಿದ್ದರೂ ಸರಿಯೇ.

ಆಡಬಾರದ ಮಾತುಗಳೂ ಇವೆ. "ಅಳಬೇಡ, ಡಾಕ್ಟರ್ ಬಂದು ಸೂಜಿ ಚುಚ್ತಾರೆ" ಎಂದು ಮನೆಯವರು ಹೇಳುವುದುಂಟು. ನೀವು ತಮಾಷೆಗೂ ಹೇಳಬೇಡಿ. ಮೂರರಿಂದ ಆರು ವರ್ಷದ ಮಕ್ಕಳು ಎಷ್ಟೋ ಸಲ ಕಾಯಿಲೆಯನ್ನೇ ತಾವು ಮಾಡಿದ ತಪ್ಪಿಗೆ ಶಿಕ್ಷೆ ಅಂದುಕೊಳ್ಳುತ್ತವೆ. "ನಾಳೆ ಮನೆಗೆ ಹೋಗ್ತೀಯ", "ಬೇಗ ವಾಸಿಯಾಗುತ್ತೆ" ಕೂಡ ಬೇಡ. ಅದು ನಿಮಗೆ ಗೊತ್ತಿರುವ ವಿಷಯವಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಮೈಸೂರಿನ ವಾರ್ಡಿನಲ್ಲಿ ಮಳವಳ್ಳಿ, ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಯ ಹಾಡಿಗಳು, ಕೊಡಗು, ವಯನಾಡಿನ ಕಡೆಯವರೂ ಇರುತ್ತಾರೆ. ಉರ್ದು, ತಮಿಳು, ಮಲಯಾಳ ಮನೆಮಾತಿನ ಮಕ್ಕಳಿಗೆ ಪುಸ್ತಕದ ಕನ್ನಡದಲ್ಲಿ ಕಥೆ ಹೇಳಿದರೆ ಪಿಳಿಪಿಳಿ ನೋಡುತ್ತವೆ. ಅಲ್ಲಿ ಮಾತು ಕಡಿಮೆ ಮಾಡಿ, ನೀವು ಬರೆಯಲು ಶುರುಮಾಡಿ. ಅದು ಆನೆಯೋ ಎಮ್ಮೆಯೋ ನೋಡಲು ತಾವೇ ಬಗ್ಗುತ್ತವೆ.

ಹಂತ 7: ಚಟುವಟಿಕೆ

ಇಪ್ಪತ್ತು ನಿಮಿಷದಲ್ಲಿ ಮುಗಿಯುವಂಥದ್ದು, ಒಂದೇ ಕೈಯಲ್ಲಿ ಆಗುವಂಥದ್ದು, ನಡುವೆ ಬಿಟ್ಟರೂ ಅರೆಬರೆ ಅನ್ನಿಸದಂಥದ್ದು. ಈ ಮೂರು ಅಳತೆಗೆ ಹೊಂದದ್ದನ್ನು ಶಾಲೆಯಲ್ಲಿ ಮಾಡಿಸಿ.

ನನ್ನ ಮೊದಲ ಆಯ್ಕೆ ಚುಕ್ಕಿ ರಂಗೋಲಿ, ಕಾಗದದ ಮೇಲೆ. ಐದು ಚುಕ್ಕಿ, ಸಂದು ಚುಕ್ಕಿ ಮೂರರ ತನಕ, ಅಂದರೆ ನಡುವೆ ಐದು, ಅದರ ಮೇಲೂ ಕೆಳಗೂ ಸಂದಿನಲ್ಲಿ ನಾಲ್ಕು, ಆಮೇಲೆ ಮೂರು. ಒಟ್ಟು 19 ಚುಕ್ಕಿ. ಮನೆಯಲ್ಲೇ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಇಟ್ಟುಕೊಂಡು ಬನ್ನಿ. ನಡುವಿನ ಚುಕ್ಕಿಯಿಂದ ಆರು ಎಸಳು ಎಳೆದರೆ ಹೂವು. ಬಲಗೈಗೆ ಡ್ರಿಪ್ ಹಾಕಿ, ಅಲುಗದಂತೆ ಅಂಗೈ ಕೆಳಗೆ ರಟ್ಟು ಕಟ್ಟಿದ್ದಾರೆ ಅನ್ನಿ. ಪ್ಯಾಡನ್ನು ಮಗುವಿನ ಎಡತೊಡೆಯ ಮೇಲಿಟ್ಟು, ಹಾಳೆಯ ಮೇಲ್ತುದಿಯನ್ನು ಕ್ಲಿಪ್ಪಿಗೂ ಕೆಳತುದಿಯನ್ನು ಟೇಪಿಗೂ ಸಿಕ್ಕಿಸಿ. ಎಡಗೈಯ ಗೆರೆ ಸೊಟ್ಟಗೆ ಹೋಗುತ್ತದೆ, ಒಂದು ಚುಕ್ಕಿ ತಪ್ಪಿ ಪಕ್ಕದ್ದಕ್ಕೆ ಸೇರುತ್ತದೆ. ಸೇರಲಿ. ಎಸಳು ಐದಾದರೆ ಐದೆಸಳಿನ ಹೂವು.

ಆಗ ಪಕ್ಕದಿಂದ ಒಂದು ಕೈ ಬರುತ್ತದೆ. "ಹಂಗಲ್ಲ ಕಣೋ, ಕೊಡಿಲ್ಲಿ" ಎಂದು ಅಮ್ಮ ಕ್ರೇಯಾನ್ ಕಿತ್ತುಕೊಂಡು ತಾನೇ ನೆಟ್ಟಗೆ ಬರೆಯುತ್ತಾಳೆ. ಹೆಚ್ಚುಕಡಿಮೆ ಪ್ರತಿ ಹಾಸಿಗೆಯಲ್ಲೂ ಇದು ಆಗುತ್ತದೆ. ತಡೆಯಬೇಡಿ, ಆಕೆಗೂ ಒಂದು ಹಾಳೆ ಕೊಡಿ. ದಿನಗಟ್ಟಲೆ ಗೋಡೆ ನೋಡುತ್ತ ಕೂತವಳು ಆಕೆ. ಮನೆಯಂಗಳದಲ್ಲಿ ದಿನಾ ಹಾಕುತ್ತಿದ್ದ ರಂಗೋಲಿ ಹಾಳೆಗಿಳಿಯುವಾಗ ಮಗು ತನ್ನದು ಬಿಟ್ಟು ಅಮ್ಮನದನ್ನು ನೋಡುತ್ತಾ ಕೂರಬಹುದು. ಅದೂ ನಡೆಯುತ್ತದೆ.

ಕೈ ಎತ್ತಲಾಗದ ಮಗುವಿಗೆ ಒಗಟು. "ಬಿಳಿ ಕುದುರೆಗೆ ಹಸಿರು ಬಾಲ" ಅಂದರೆ ಮೂಲಂಗಿ ಎಂದು ಹಳ್ಳಿಯ ಮಕ್ಕಳು ನಿಮಗಿಂತ ಮೊದಲೇ ಹೇಳುತ್ತವೆ, ಆಮೇಲೆ ತಮ್ಮದೊಂದು ಒಗಟು ನಿಮಗೆ ಹಾಕುತ್ತವೆ. ನಿಮಗೆ ಗೊತ್ತಿಲ್ಲದಿದ್ದರೆ ಸೋತೆ ಅನ್ನಿ.

ಹದಿಮೂರು ದಾಟಿದವರ ಗೋಳು ಬೇರೆ. ಮಕ್ಕಳ ವಾರ್ಡಿನಲ್ಲಿ ಕೈಗೂಸುಗಳ ನಡುವೆ ಮಲಗಿರುವ ಒಂಬತ್ತನೇ ತರಗತಿಯ ಹುಡುಗಿಗೆ ಮೊಲದ ಚಿತ್ರಕ್ಕೆ ಬಣ್ಣ ಹಚ್ಚು ಅಂದರೆ ಮುಖ ತಿರುಗಿಸುತ್ತಾಳೆ. ನ್ಯಾಯವೇ. ಆಕೆಗೆ ಕೆಲಸ ಕೊಡಿ: ಮುಂದಿನ ವಾರದ ಚುಕ್ಕಿ ಹಾಳೆ ಮಾಡುವುದು, ಪಕ್ಕದ ಪುಟಾಣಿಯ ಹೆಸರನ್ನು ಚೆಂದದ ಅಕ್ಷರದಲ್ಲಿ ಬರೆದುಕೊಡುವುದು.

ದಸರೆಯ ತಿಂಗಳಲ್ಲಿ ಹಾಸಿಗೆಗೊಂದು ಆನೆ ಬರೆಸಿ, ಸಾಲಾಗಿ ಅಂಟಿಸಿದರೆ ವಾರ್ಡಿಗೊಂದು ಜಂಬೂಸವಾರಿ. ಗೋಡೆಗೆ ಟೇಪ್ ಹಚ್ಚುವ ಮುನ್ನ ಸಿಸ್ಟರನ್ನು ಕೇಳಿ, ಬಣ್ಣ ಕಿತ್ತು ಬಂದರೆ ಮಾತು ಕೇಳಬೇಕಾದವರು ಅವರು. ಚಿತ್ರದ ಮೇಲೆ ಮಗುವಿನ ಹೆಸರು, ಊರು, ಹಾಸಿಗೆ ನಂಬರ್ ಯಾವುದೂ ಬೇಡ. ನಿಜವಾದ ಜಂಬೂಸವಾರಿಯ ದಿನ ಜನಸಂದಣಿಯಿರುವ ಸಯ್ಯಾಜಿರಾವ್ ರಸ್ತೆಯ ಕಡೆ ಹೋಗುವ ಯೋಜನೆಯನ್ನೂ ಕೈಬಿಡಿ.

ಆಟ ನಿಲ್ಲಿಸಿ ಸಿಸ್ಟರನ್ನು ಕರೆಯಬೇಕಾದ ಸೂಚನೆಗಳು

- ಡ್ರಿಪ್ ಹಾಕಿದ ಜಾಗ ಊದಿ ಬಿಗಿಯಾಗುವುದು, ಮಗು ಅಲ್ಲಿ ಉರಿ ಅನ್ನುವುದು, ಕೊಳವೆಯಲ್ಲಿ ರಕ್ತ ಹಿಂದಕ್ಕೆ ಬರುವುದು.
- ಉಸಿರಾಟ ಜೋರಾಗುವುದು, ಪಕ್ಕೆ ಒಳಗೆ ಎಳೆಯುವುದು, ತುಟಿ ನೀಲಿಗಟ್ಟುವುದು.
- ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗುವುದು, ಬೆವರುವುದು, ಕರೆದರೆ ಓಗೊಡದಿರುವುದು.
- ರಕ್ತ ಹಾಕುತ್ತಿರುವಾಗ ಚಳಿ, ನಡುಕ, ಮೈ ತುರಿಕೆ, ಬೆನ್ನು ನೋವು.
- ಡೆಂಗಿ ಮಗುವಿಗೆ ಹೊಟ್ಟೆನೋವು, ಬಿಡದ ವಾಂತಿ, ಮೂಗು ಅಥವಾ ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು. ಜ್ವರ ಬಿಟ್ಟ ಹೊತ್ತಿನಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. "ಜ್ವರ ಇಳೀತಲ್ಲ" ಎಂದು ಸುಮ್ಮನಿರಬೇಡಿ.

ನೀವಾಗಿ ಡ್ರಿಪ್ ನಿಲ್ಲಿಸುವುದು, ಆಮ್ಲಜನಕದ ಕೊಳವೆ ಸರಿಮಾಡುವುದು, ಮೆಷಿನ್ ಕೂಗಿದರೆ ಗುಂಡಿ ಒತ್ತುವುದು ಬೇಡ. ಹೋಗಿ ಕರೆಯುವುದಷ್ಟೇ ನಿಮ್ಮ ಪಾಲು. ಮಗುವನ್ನು ಎತ್ತಿಕೊಳ್ಳುವುದು, ಶೌಚಕ್ಕೆ ಕರೆದೊಯ್ಯುವುದು, ನೀರು ಕುಡಿಸುವುದು ಕೂಡ ಜೊತೆಗಿರುವವರ ಕೆಲಸ. ತಾಯಿ "ಊಟ ಮಾಡ್ಕೊಂಡು ಬತ್ತೀನಿ, ನೋಡ್ಕೊಳ್ಳಿ" ಅಂದರೆ "ಸಿಸ್ಟರಿಗೆ ಒಂದು ಮಾತು ಹೇಳಿ ಹೋಗಮ್ಮಾ" ಅನ್ನಿ.

ಹಂತ 8: ಫೋಟೊ ಮತ್ತು ಗುಟ್ಟು

ಫೋಟೊ ಇಲ್ಲ. ಕೈಯದ್ದೂ ಇಲ್ಲ, ಹಿಂದಿನಿಂದ ತೆಗೆದದ್ದೂ ಇಲ್ಲ, ತಾಯಿ ಒಪ್ಪಿದರೂ ಇಲ್ಲ. ಚಿಕಿತ್ಸೆ ಸಿಗುತ್ತಿರುವ ಜಾಗದಲ್ಲಿ ನಿಂತು ಕೇಳಿದಾಗ ಯಾರು ತಾನೇ ಆಗಲ್ಲ ಅನ್ನುತ್ತಾರೆ? ಫೇಸ್‌ಬುಕ್ಕಿಗೆ ಏನೂ ಸಿಗದಿದ್ದರೆ ಬರುವುದಿಲ್ಲ ಅನ್ನುವವರು ಗುಂಪಿನಲ್ಲಿದ್ದರೆ ಈಗಲೇ ಕಳಚಿಕೊಳ್ಳಲಿ.

ಬಣ್ಣ ಹಚ್ಚುತ್ತಾ ಮಕ್ಕಳು ಎಲ್ಲೂ ಹೇಳದ್ದನ್ನು ಹೇಳುವುದುಂಟು. ಯಾರೋ ಹೊಡೆದದ್ದು, ಮುಟ್ಟಬಾರದ ಕಡೆ ಮುಟ್ಟಿದ್ದು ಹೀಗೆ ಬಾಯಿಗೆ ಬಂದರೆ ಕೆದಕಿ ಪ್ರಶ್ನೆ ಕೇಳಬೇಡಿ, "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ನನಗೆ ಹೇಳಿದ್ದು ಒಳ್ಳೇದಾಯ್ತು" ಅನ್ನಿ, ಅದೇ ದಿನ ವಾರ್ಡಿನ ವೈದ್ಯರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ವೈದ್ಯರಿಗೆ ಹೇಳಿದೆನಲ್ಲ ಎಂದು ಅಲ್ಲಿಗೆ ಬಿಡುವಂತಿಲ್ಲ, ದೂರು ದಾಖಲಾಯಿತೇ ಎಂದು ನೋಡಿಕೊಳ್ಳಿ.

ಹಂತ 9: ಎದ್ದು ಹೊರಡುವುದು

ಐದು ನಿಮಿಷ ಮೊದಲೇ ಹೇಳಿ: "ಇನ್ನೆರಡು ಎಸಳು ಹಚ್ಚಿದ ಮೇಲೆ ನಾನು ಹೊರಡ್ತೀನಿ." ತಟ್ಟನೆ ಎದ್ದರೆ ಸಣ್ಣ ಮಕ್ಕಳು ಅಳುತ್ತವೆ, ಆ ಅಳು ಸಿಸ್ಟರ್ ಪಾಲಿಗೆ ಉಳಿಯುತ್ತದೆ. ಪೊಟ್ಟಣ ಮಗುವಿಗೆ, ಪ್ಯಾಡ್ ನಿಮಗೆ. ಮೊದಲ ದಿನ ಮೂರು ಹಾಸಿಗೆ ಸಾಕು, ಆಮೇಲೂ ಐದಾರು ದಾಟಬೇಡಿ.

"ಮುಂದಿನ ವಾರ ನಿನ್ನ ನೋಡೋಕೆ ಬರ್ತೀನಿ" ಅನ್ನಬೇಡಿ. "ಗುರುವಾರ ನಾನು ಈ ವಾರ್ಡಿಗೆ ಬರ್ತೀನಿ" ಅನ್ನಿ. ಮಗು ಅಷ್ಟರಲ್ಲಿ ಮನೆಗೆ ಹೋಗಿರಬಹುದು, ಬೇರೆ ಆಸ್ಪತ್ರೆಗೆ ಸಾಗಿಸಿರಬಹುದು. ಹಾಸಿಗೆ ಖಾಲಿಯಿದ್ದರೆ ಪಕ್ಕದ ಹಾಸಿಗೆಯವರನ್ನು ವಿಚಾರಿಸಬೇಡಿ. ಸಿಸ್ಟರನ್ನು ಕೇಳಿ, ಅವರು ಹೇಳಿದಷ್ಟಕ್ಕೆ ನಿಲ್ಲಿಸಿ. ಕೆಟ್ಟ ಸುದ್ದಿಯಾದರೆ ಆ ದಿನ ಉಳಿದ ಹಾಸಿಗೆಗಳಿಗೆ ಹೋಗಲೇಬೇಕೆಂದಿಲ್ಲ. ಜೊತೆಗೆ ಬಂದವರೊಡನೆ ಹೊರಗೆ ಹೋಗಿ ಒಂದು ಟೀ ಕುಡಿಯಿರಿ, ಮಾತಾಡಿ.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಎಷ್ಟು ಮಕ್ಕಳು, ಯಾವ ಚಟುವಟಿಕೆ ನಡೆಯಿತು, ಯಾವುದು ನಡೆಯಲಿಲ್ಲ ಎಂದು ಬರೆದಿಡಿ, ಹೆಸರಿಲ್ಲದೆ. ಆರು ತಿಂಗಳ ನಂತರ ಅನುಮತಿ ನವೀಕರಿಸಲು ಹೋದಾಗ ಈ ಪುಟಗಳನ್ನೇ ತೋರಿಸಬಹುದು. ಬರಲಾಗದ ವಾರವನ್ನು ಎರಡು ದಿನ ಮೊದಲೇ ಇನ್‌ಚಾರ್ಜ್ ಸಿಸ್ಟರಿಗೆ ಫೋನ್ ಮಾಡಿ ತಿಳಿಸಿ, ಗುರುವಾರ ಅಂತ ಮಕ್ಕಳಿಗೆ ಹೇಳಿಟ್ಟಿರುತ್ತಾರೆ.